ಅಕ್ಷರ ದಪ್ಪ ಆಗಿದೆಯೋ, ತೆಳ್ಳಗಾಗಿದೆಯೋ? ಡಬಲ್ ಡೈ ನಾಣ್ಯ ಗುರುತಿಸುವ ಬಗೆ

ಪ್ರಶ್ನೆ: ಸರ್, ನಮಸ್ಕಾರ. ನಾನು ಜಮಖಂಡಿಯವಳು, ಶಾಲೆಯಲ್ಲಿ ಶಿಕ್ಷಕಿ. ನಮ್ಮ ಕಾಕಾ ಕೆಲವು ವರ್ಷ ಅಮೆರಿಕದಲ್ಲಿ ಇದ್ದು ಬಂದವರು. ಬರುವಾಗ ಒಂದು ಬಿಸ್ಕಿಟ್ ಡಬ್ಬಿ ತುಂಬ ಸೆಂಟ್ ನಾಣ್ಯ ತಂದಿದ್ದರು. ಅದರಲ್ಲಿ 1995ರ ಒಂದು ನಾಣ್ಯದ ಮೇಲೆ ಅಕ್ಷರಗಳು ಎರಡೆರಡು ಕಾಣುತ್ತವೆ. ಮನೆಯಲ್ಲೇ ಇದ್ದ 1998ರ 2 ರೂಪಾಯಿ ನಾಣ್ಯದ ಇಸವಿಯೂ ಹಾಗೇ ಇದೆ. ಅವ್ವನ ತವರು ವಿಜಯಪುರ. ಅಲ್ಲಿಂದ ಬಂದ ಹಳೇ ತಾಮ್ರದ ದುಡ್ಡಿನ ಮೇಲೂ ಬರಹ ಎರಡು ಸಲ ಬಿದ್ದಿದೆ. ಫೋನಿನಲ್ಲಿ ಒಬ್ಬರು 2 ರೂಪಾಯಿಯದು ಡಬಲ್ ಡೈ, 3 ಲಕ್ಷ ಬರುತ್ತದೆ, ಮೊದಲು 1,850 ರೂಪಾಯಿ ನೋಂದಣಿ ಫೀ ಕಳಿಸಿ ಎಂದರು. ಕಳಿಸಲಾ? ಡಬಲ್ ಡೈ ಅಂದರೆ ಏನು, ನಾವೇ ಗುರುತಿಸುವುದು ಹೇಗೆ? ಮೂರೂ ನಾಣ್ಯಗಳ ಫೋಟೊ ಕಳಿಸಿದ್ದೇನೆ.

ಉತ್ತರ: ಅಕ್ಕೋರೆ, ಮೊದಲು ಆ 1,850 ರೂಪಾಯಿಯ ಮಾತು ಮುಗಿಸಿಬಿಡೋಣ. ಕಳಿಸಬೇಡಿ. ನಾಣ್ಯ ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ಈ ಆಟ ಎಷ್ಟು ಜಾಸ್ತಿ ಆಯಿತು ಅಂದರೆ, 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಬೇಕಾಯಿತು. ಹಳೇ ನಾಣ್ಯ, ನೋಟುಗಳ ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಫೀ ಕಮಿಷನ್ ಕೇಳುವುದಿಲ್ಲ, ತನ್ನ ಹೆಸರಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದರಲ್ಲಿ ಹೇಳಿದೆ. ಅಕಸ್ಮಾತ್ ಈಗಾಗಲೇ ಕಳಿಸಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಈಗ ನಾಣ್ಯಕ್ಕೆ ಬರೋಣ. ನಿಮ್ಮ ಮೂರೂ ನಾಣ್ಯಗಳಲ್ಲಿ ಅಕ್ಷರ ಎರಡು ಕಾಣುವುದು ನಿಜ. ಆದರೆ ಮೂರಕ್ಕೂ ಕಾರಣ ಬೇರೆ ಬೇರೆ. ಡಬಲ್ ಡೈ ಆಗಿರಬಹುದಾದದ್ದು ಅದರಲ್ಲಿ ಒಂದೇ. ಅದು ನಿಮ್ಮ ಫೋನಿನ ಆಸಾಮಿ ಹೇಳಿದ ನಾಣ್ಯ ಅಲ್ಲ.

ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಕಟ್ಟಿಗೆ ಅಚ್ಚು ನೋಡಿರುತ್ತೀರಿ. ಅಚ್ಚು ಕೊರೆದ ಬಡಿಗೇರ ಕೈತಪ್ಪಿ ಆನೆಗೆ ಎರಡು ಸೊಂಡಿಲು ಕೊರೆದಿದ್ದರೆ, ಆ ಅಚ್ಚಿನಿಂದ ಬಂದ ಪ್ರತಿ ಆನೆಗೂ ಎರಡು ಸೊಂಡಿಲು. ಅಚ್ಚು ಸರಿಯಿದ್ದು, ಬಿಚ್ಚುವಾಗ ನಿಮ್ಮ ಕೈ ಅಲುಗಿದರೆ ಆ ಒಂದು ಆನೆಯ ಸೊಂಡಿಲು ಮಾತ್ರ ಸೊಟ್ಟ. ಡಬಲ್ ಡೈ ಅಂದರೆ ಮೊದಲನೆಯದು. ತಪ್ಪು ಅಚ್ಚಿನಲ್ಲೇ ಇರಬೇಕು. ನಾಣ್ಯ ಹೊಡೆಯುವಾಗ ಆದ ಎಡವಟ್ಟು ನೋಡೋಕೆ ಎಷ್ಟೇ ಚೆಂದ ಇರಲಿ, ಡಬಲ್ ಡೈ ಅಲ್ಲ.

ಹಾಗಾದರೆ ಅಚ್ಚಿನಲ್ಲಿ ಬರಹ ಎರಡಾಗುವುದು ಹೇಗೆ? ಇದನ್ನು ನಾನು ಓದಿ ತಿಳಿಯುವ ಮೊದಲೇ ಕೈಯಾರೆ ಮಾಡಿದವನು.

ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಡೈ ಫಿಟ್ಟರ್ ಆಗಿದ್ದೆ. ಸೇರಿದ ಹೊಸತರಲ್ಲಿ ಹಿತ್ತಾಳೆ ಬಿಲ್ಲೆಗಳ ಕೆಲಸ ಬಂತು. ಕೆಲಸಗಾರರು ಸ್ಟೋರಿನಿಂದ ಡ್ರಿಲ್ಲು, ಗೇಜು ಒಯ್ಯುವಾಗ ಗುರುತಿಗೆ ಕೊಟ್ಟು ಹೋಗುವ ಬಿಲ್ಲೆ. ಅದರ ಮೇಲೆ ಅಂಚಿನ ಸುತ್ತ ಕಾರ್ಖಾನೆಯ ಹೆಸರು, ನಡುವೆ ಒಂದು ಸುತ್ತಿಗೆಯ ಚಿತ್ರ ಉಬ್ಬಿ ಬರಬೇಕು. ಅದಕ್ಕೆ ಮೊದಲು ಹೆಸರು ಚಿತ್ರ ಎರಡೂ ಉಬ್ಬಿಕೊಂಡಿರುವ ಒಂದು ಗಟ್ಟಿ ಉಕ್ಕಿನ ತುಂಡು ತಯಾರಿಸಿದೆವು. ಟಂಕಸಾಲೆಯಲ್ಲಿ ಇಂಥದ್ದಕ್ಕೆ ಹಬ್ ಅನ್ನುತ್ತಾರೆ. ಅದನ್ನು ಮೆತ್ತಗಿನ ಉಕ್ಕಿನ ಮೇಲಿಟ್ಟು ಪ್ರೆಸ್ಸಿನಲ್ಲಿ ಒತ್ತಿದರೆ ಉಬ್ಬಿದ್ದೆಲ್ಲ ತಗ್ಗಾಗಿ ಇಳಿಯುತ್ತದೆ. ಈ ತಗ್ಗಿನ ತುಂಡೇ ಡೈ. ಬಿಲ್ಲೆಗೂ ನಾಣ್ಯಕ್ಕೂ ಹೊಡೆತ ಬೀಳುವುದು ಇದರಿಂದಲೇ.

ತೊಂದರೆ ಇರುವುದು ಇಲ್ಲೇ. ಒಂದೇ ಸಲ ಒತ್ತಿದರೆ ಅಕ್ಷರ ಪೂರ್ತಿ ಇಳಿಯುವುದಿಲ್ಲ. ಒತ್ತಿದಷ್ಟೂ ಉಕ್ಕು ಬಿಗಿಯಾಗುತ್ತದೆ. ಆಗ ತೆಗೆದು, ಭಟ್ಟಿಯಲ್ಲಿ ಕಾಯಿಸಿ, ನಿಧಾನಕ್ಕೆ ಆರಿಸಿ, ಮೆತ್ತಗಾದ ಮೇಲೆ ಮತ್ತೆ ಒತ್ತಬೇಕು. ನಾವು ಇದಕ್ಕೆ ಅನೀಲಿಂಗ್ ಅನ್ನುತ್ತಿದ್ದೆವು. ಎರಡನೇ ಸಲ ಕೂರಿಸುವಾಗ ಮೊದಲಿನ ತಗ್ಗಿನಲ್ಲೇ ಹಬ್ಬಿನ ಉಬ್ಬು ಕೂಡಬೇಕು, ಕೂದಲೆಳೆಯಷ್ಟೂ ತಪ್ಪಬಾರದು. ನಾನು ಕೂರಿಸಿದಾಗ ತಪ್ಪಿತು. ಡೈ ಚೂರು ತಿರುಗಿತ್ತು. ಗೊತ್ತಾಗಲಿಲ್ಲ. ಒತ್ತಿದೆ, ಹಾರ್ಡನಿಂಗ್ ಮಾಡಿದೆ, ಪ್ರೆಸ್ಸಿಗೆ ಏರಿಸಿದೆ. ಮುನ್ನೂರು ಚಿಲ್ಲರೆ ಬಿಲ್ಲೆ ಬಿದ್ದ ಮೇಲೆ ಫೋರ್‌ಮನ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. "ಏನೋ ತಮ್ಮಾ, ಹೆಸರಿಗೆ ನೆಳ್ಳ ಬಿದ್ದೈತಲ್ಲ?" ಅಂದರು. ನೋಡಿದರೆ ಎಲ್ಲದಕ್ಕೂ ಅದೇ ನೆರಳು, ಅದೇ ಜಾಗದಲ್ಲಿ, ಅಷ್ಟೇ ದೂರ.

ಅಷ್ಟೂ ಬಿಲ್ಲೆ ಭಂಗಾರಿಗೆ, ಅಂದರೆ ಗುಜರಿಗೆ, ಹೋದವು. ಒಂದನ್ನು ಜೇಬಿಗೆ ಹಾಕಿಕೊಂಡೆ. ಅದು ಈಗಲೂ ನನ್ನ ಟೇಬಲ್ ಮೇಲಿದೆ. ನಾಣ್ಯ ಕಲಿಯಲು ಯಾರಾದರೂ ಬಂದರೆ ಮೊದಲು ಅದನ್ನೇ ಕೈಗೆ ಕೊಡುತ್ತೇನೆ. ಅಂಚಿನ ಹೆಸರಿನಲ್ಲಿ ಎರಡು ಅಕ್ಷರಗಳ ನಡುವಿನ ಅಂತರ ಬರಿಗಣ್ಣಿಗೇ ಕಾಣುತ್ತದೆ. ನಡುವಿನ ಸುತ್ತಿಗೆಯಲ್ಲಿ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. ಯಾಕೆ? ಡೈ ತಿರುಗಿದ್ದು ನಡುವಿನ ಸುತ್ತ. ಬೀಸುವ ಕಲ್ಲಿನ ಗೂಟದ ಹತ್ತಿರ ಚಲನೆ ಕಡಿಮೆ, ಅಂಚಿನಲ್ಲಿ ಜಾಸ್ತಿ ಅಲ್ವಾ, ಹಾಗೆ. ತಿರುಗುವ ಬದಲು ಪಕ್ಕಕ್ಕೆ ಸರಿದಿದ್ದರೆ ಎಲ್ಲ ಅಕ್ಷರಕ್ಕೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ನೆರಳು ಬರುತ್ತಿತ್ತು. ಅಂಚಿನ ಒಂದು ಜಾಗ ಹಿಡಿದುಕೊಂಡು ಉಳಿದದ್ದು ತಿರುಗಿದ್ದರೆ, ಆ ಜಾಗದಲ್ಲಿ ಏನೂ ಇಲ್ಲ, ಎದುರು ಅಂಚಿನಲ್ಲಿ ಭರ್ತಿ. ಹೀಗೆ ನೆರಳು ಎಲ್ಲಿ ಎಷ್ಟಿದೆ ಅಂತ ನೋಡಿದರೆ ಡೈ ಹೇಗೆ ತಪ್ಪಿತು ಅಂತ ಹೇಳಬಹುದು.

ನನ್ನ ಬಿಲ್ಲೆಗೆ ಭಂಗಾರಿಯ ದರ ಬಂತು. ಅದೇ ತಪ್ಪು 1955ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಆಯಿತು, ಅದಕ್ಕೆ ಈಗ ಸಾವಿರ ಡಾಲರಿಗೂ ಮೇಲೆ ಬೆಲೆ. ಲಿಂಕನ್ ಮುಖದ ಒಂದು ಸೆಂಟ್ ನಾಣ್ಯ. ಇಸವಿ, ತಲೆಯ ಮೇಲಿನ ಬರಹ, ಲಿಬರ್ಟಿ ಎಂಬ ಪದ, ಎಲ್ಲ ಎರಡೆರಡು. ಕನ್ನಡಕ ಮರೆತವರಿಗೂ ಕಾಣುವಷ್ಟು ದೂರ ದೂರ. ತಪ್ಪು ಗೊತ್ತಾಗುವ ಹೊತ್ತಿಗೆ 20,000ಕ್ಕೂ ಹೆಚ್ಚು ನಾಣ್ಯ ಬೇರೆ ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತುಹೋಗಿದ್ದವು. ಒಂದು ಸೆಂಟಿನ ನಾಣ್ಯ, ಅದಕ್ಕಾಗಿ ರಾಶಿಯನ್ನೆಲ್ಲ ಕರಗಿಸುವುದು ಯಾಕೆ ಅಂತ ಹೊರಗೆ ಬಿಟ್ಟರು. ಆಗ ಅಲ್ಲಿ ಸಿಗರೇಟು ಮಾರುವ ಯಂತ್ರಗಳಿದ್ದವು. ಪ್ಯಾಕಿಗೆ 23 ಸೆಂಟ್. ಗಿರಾಕಿ 25 ಸೆಂಟಿನ ನಾಣ್ಯ ಹಾಕಿದರೆ, ಉಳಿದ 2 ಸೆಂಟ್ ಪ್ಯಾಕಿನ ಕಾಗದದೊಳಗೇ ಇರುತ್ತಿತ್ತು. ಈ ಡಬಲ್ ನಾಣ್ಯಗಳಲ್ಲಿ ಬಹಳಷ್ಟು ಹೊರಬಂದದ್ದು ಹಾಗೆ, ಚಿಲ್ಲರೆಯಾಗಿ.

ಇನ್ನು ಗುರುತಿಸುವ ಮಾತು. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಅಕ್ಷರ ದಪ್ಪ ಆಗಿದೆಯೋ, ತೆಳ್ಳಗಾಗಿದೆಯೋ?

ಡಬಲ್ ಡೈಯಲ್ಲಿ ಡೈನೊಳಗೆ ಎರಡು ತಗ್ಗುಗಳಿವೆ. ಹೊಡೆದಾಗ ಲೋಹ ಎರಡರಲ್ಲೂ ತುಂಬಿಕೊಳ್ಳುತ್ತದೆ. ಆದ್ದರಿಂದ ಅಕ್ಷರ ಅಗಲವಾಗುತ್ತದೆ. ಎರಡನೇ ಅಕ್ಷರವೂ ಮೊದಲಿನ ಹಾಗೇ ದುಂಡಗೆ ಉಬ್ಬಿಕೊಂಡಿರುತ್ತದೆ. ಇಂಗ್ಲಿಷ್ ಅಕ್ಷರಗಳ ಕಾಲಿನ ತುದಿಯಲ್ಲಿ ಸಣ್ಣ ಅಡ್ಡಗೆರೆ ಇರುತ್ತದಲ್ಲ, ಅದರ ಮೂಲೆಯಲ್ಲಿ ಒಂದು ಕಚ್ಚು ಬೀಳುತ್ತದೆ. ಮೀನಿನ ಬಾಲ ಸೀಳಿದ ಹಾಗೆ. ಈ ಕಚ್ಚು ಸಿಕ್ಕರೆ ನನ್ನ ಎದೆ ಇವತ್ತಿಗೂ ಒಂದು ಸಲ ಜೋರಾಗಿ ಬಡಿಯುತ್ತದೆ.

ಇದರ ಉಲ್ಟಾ ಮಷಿನ್ ಡಬ್ಲಿಂಗ್. ಜನ ಡಬಲ್ ಡೈ ಅಂತ ತಂದು ತೋರಿಸುವ ನಾಣ್ಯಗಳಲ್ಲಿ ಬಹುಪಾಲು ಇದೇ. ಪ್ರೆಸ್ಸಿನಲ್ಲಿ ಡೈ ಬಿಗಿಯಾಗಿ ಕೂತಿರುವುದಿಲ್ಲ. ಹೊಡೆತ ಬಿದ್ದ ಕ್ಷಣದಲ್ಲೇ ಚೂರು ಅಲುಗುತ್ತದೆ. ಆಗತಾನೇ ಎದ್ದ ಅಕ್ಷರದ ಪಕ್ಕಕ್ಕೆ ಡೈ ತಾಗಿ, ಅದನ್ನು ಒರೆಸಿದ ಹಾಗೆ ಕೆಳಗೆ ತಳ್ಳುತ್ತದೆ. ಅಕ್ಷರದ ಬದಿಯಲ್ಲಿ ಒಂದು ಸಪಾಟಾದ ಮೆಟ್ಟಿಲು ಬೀಳುತ್ತದೆ. ನಾಣ್ಯದ ಖಾಲಿ ನೆಲದ ಮಟ್ಟಕ್ಕೆ ಹತ್ತಿರ, ತಟ್ಟಿದ ಹಾಗೆ ಚಪ್ಪಟೆ, ಬೆಳಕು ಬಿದ್ದರೆ ಫಳಫಳ. ಆ ಮೆಟ್ಟಿಲಿಗೆ ಬೇಕಾದ ಲೋಹ ಎಲ್ಲಿಂದ ಬಂತು? ಅಕ್ಷರದಿಂದಲೇ. ಹಾಗಾಗಿ ಅಕ್ಷರ ತನ್ನ ಮೈ ಕಳೆದುಕೊಂಡು ತೆಳ್ಳಗಾಗಿರುತ್ತದೆ. ಅಕ್ಷರ ಮೆಟ್ಟಿಲು ಎರಡೂ ಸೇರಿಸಿ ಅಳೆದರೆ ಮಾಮೂಲಿ ಅಕ್ಷರದಷ್ಟೇ ಅಗಲ.

ಆದ್ದರಿಂದ ಒಂಟಿ ನಾಣ್ಯ ನೋಡಿ ಹೇಳಬೇಡಿ. ಅದೇ ಇಸವಿಯ, ಅದೇ ಮಾದರಿಯ ಇನ್ನೊಂದು ಸಾದಾ ನಾಣ್ಯ ಪಕ್ಕದಲ್ಲಿಡಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸುವ ಹತ್ತು ಪಟ್ಟಿನ ಗಾಜು ಸಾಕು. ಅದಕ್ಕಿಂತ ಜಾಸ್ತಿ ದೊಡ್ಡದು ಮಾಡಿದರೆ ಎಲ್ಲ ನಾಣ್ಯವೂ ಡಬಲ್ ಕಾಣಲು ಶುರುವಾಗುತ್ತದೆ! ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಒಂದೇ ಟೇಬಲ್ ದೀಪ ಪಕ್ಕದಿಂದ ಬೀಳಲಿ. ನಾಣ್ಯವನ್ನು ನಿಧಾನಕ್ಕೆ ತಿರುಗಿಸುತ್ತಾ ನೋಡಿ. ನೆರಳು ದೀಪದ ಜೊತೆ ಜಾಗ ಬದಲಿಸಿದರೆ ಅದು ಬರೀ ನೆರಳು. ಎತ್ತ ತಿರುಗಿಸಿದರೂ ಅಲ್ಲೇ ಇದ್ದರೆ ಮುಂದಿನ ವಿಚಾರ. ಫೋನ್ ಕ್ಯಾಮೆರಾವನ್ನು ತೀರಾ ನಂಬಬೇಡಿ. ಎರಡು ಕಡೆಯಿಂದ ಬೆಳಕು ಬಿದ್ದರೆ, ಕೈ ಚೂರು ನಡುಗಿದರೆ, ಅದು ತಾನೇ ಒಂದು ಡಬಲ್ ಹುಟ್ಟಿಸುತ್ತದೆ.

ಈ ಕಣ್ಣಿನಿಂದ ನಿಮ್ಮ 2 ರೂಪಾಯಿ ನೋಡಿದೆ. ಹನ್ನೊಂದು ಮೂಲೆಯ ನಾಣ್ಯ, ಭಾರತದ ನಕ್ಷೆ ಇರುವುದು. ಇಸವಿಯ ಕೆಳಗೆ ವಜ್ರಾಕಾರದ ಚುಕ್ಕಿ ಇದೆ, ಅಂದರೆ ಮುಂಬೈ ಟಂಕಸಾಲೆಯದು. 1998ರ ಪ್ರತಿ ಅಂಕಿಯ ಎಡಗಡೆ ಒಂದು ಮೆಟ್ಟಿಲಿದೆ. ಚಪ್ಪಟೆ, ಹೊಳಪು. ಎರಡೂ 9ರ ಹೊಟ್ಟೆ ಸಣ್ಣಗಾಗಿದೆ. 1 ಅಂತೂ ಕಡ್ಡಿ ಆಗಿದೆ. ಅಂಕಿಗಳೆಲ್ಲ ತೆಳ್ಳಗಾಗಿವೆ. ಇದು ಮಷಿನ್ ಡಬ್ಲಿಂಗ್. ಬೆಲೆ 2 ರೂಪಾಯಿ. ನಮ್ಮ ನಾಣ್ಯಗಳಲ್ಲಿ ಡಬಲ್ ಡೈ ಇರುವುದೇ ಇಲ್ಲ ಅಂತ ಹೇಳುತ್ತಿಲ್ಲ. ಹಬ್ ಒತ್ತಿ ಡೈ ಮಾಡುವ ಯಾವ ಟಂಕಸಾಲೆಯಲ್ಲೂ ಅದು ಆಗಬಹುದು. ಆದರೆ ನನ್ನ ಮುಂದೆ ಡಬಲ್ ಡೈ ಅಂತ ಬಂದ ರೂಪಾಯಿಗಳಲ್ಲಿ ಹೆಚ್ಚಿನವು ನಿಮ್ಮದರ ಅಣ್ಣತಮ್ಮಂದಿರು. ಅಮೆರಿಕದ ಸಂಗ್ರಾಹಕರು ಒಂದೊಂದು ಡೈಗೂ ನಂಬರು ಕೊಟ್ಟು ಪಟ್ಟಿ ಮಾಡಿಟ್ಟಿದ್ದಾರೆ. ಆ ಅಭ್ಯಾಸ ನಮ್ಮಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಹಾಗಾಗಿ ಲಕ್ಷದ ಲೆಕ್ಕ ಹೇಳುವವರು ಯಾವ ಪಟ್ಟಿ ನೋಡಿ ಹೇಳುತ್ತಾರೋ ಅವರಿಗೇ ಗೊತ್ತು.

ಮೋಸ ಹೋಗಿದ್ದರೆ ನಾಚಿಕೆ ಪಡುವುದೂ ಬೇಡ. ನಾನೇ ಡೈ ಮಾಡುವವ, ನಾನೇ ಬಿದ್ದಿದ್ದೇನೆ. ಒಂದು ನಾಣ್ಯ ಪ್ರದರ್ಶನದಲ್ಲಿ 1969ರ ಸ್ಯಾನ್ ಫ್ರಾನ್ಸಿಸ್ಕೊ ಸೆಂಟ್ ಸಿಕ್ಕಿತು. ಇಸವಿಯ ಕೆಳಗೆ ಆ ಊರಿನ ಗುರುತಾಗಿ ಎಸ್ ಅಕ್ಷರ ಇರುತ್ತದೆ. ಈ ನಾಣ್ಯದ ನಿಜವಾದ ಡಬಲ್ ಡೈ ಬಹಳ ಅಪರೂಪ. ಅದಕ್ಕೊಂದು ಕತೆಯೂ ಇದೆ. ಅದೇ ಹೊತ್ತಿಗೆ ಅಲ್ಲಿ ಖೋಟಾ ಮಾಡುವವರು 1969ರ ನಕಲಿ ಡಬಲ್ ಸೆಂಟ್ ಹೊಡೆದಿದ್ದರು. ಅದರ ಬೆನ್ನು ಹತ್ತಿದ ಸರ್ಕಾರದ ಅಧಿಕಾರಿಗಳು ಅಸಲಿಯನ್ನೂ ಖೋಟಾ ಅಂತ ಕೆಲವು ವಶಪಡಿಸಿಕೊಂಡರು. ಇದನ್ನೆಲ್ಲ ಓದಿ ತಲೆ ತುಂಬಿಸಿಕೊಂಡಿದ್ದ ನಾನು, ಅಂಗಡಿಯವ ಹೇಳಿದ ನಾಲ್ಕು ಸಾವಿರಕ್ಕೆ ಚೌಕಾಸಿ ಕೂಡ ಮಾಡಲಿಲ್ಲ. ಅವನಿಗೆ ಬೆಲೆ ಗೊತ್ತಿಲ್ಲ ಅಂತ ಒಳಗೊಳಗೇ ನಕ್ಕೆ.

ಮನೆಗೆ ಬಂದು ದೀಪ ಹಚ್ಚಿ ಕೂತೆ. ಇಸವಿ ಡಬಲ್. ಲಿಬರ್ಟಿ ಡಬಲ್. ಕೆಳಗಿನ ಎಸ್ ಕೂಡ ಡಬಲ್. ಅಲ್ಲಿಗೆ ಕತೆ ಮುಗಿಯಿತು.

ಯಾಕೆ ಅಂತ ಹೇಳುತ್ತೇನೆ, ಇದು ನೀವು ಮರೆಯಬಾರದ ಗುರುತು. ಅಮೆರಿಕದ ಸೆಂಟ್‌ಗಳಲ್ಲಿ 1989ರ ತನಕ ಊರಿನ ಗುರುತು ಹಬ್ಬಿನಲ್ಲಿ ಇರುತ್ತಿರಲಿಲ್ಲ. ಹಬ್ ಒತ್ತಿ ಡೈ ತಯಾರಾದ ಮೇಲೆ, ಕೊನೆಗೆ, ಒಬ್ಬ ಕೆಲಸಗಾರ ಸಣ್ಣ ಪಂಚ್ ಇಟ್ಟು ಆ ಅಕ್ಷರವನ್ನು ಕೈಯಿಂದ ಹೊಡೆಯುತ್ತಿದ್ದ. ಅಂದರೆ ಹಬ್ ತಪ್ಪಿ ಕೂತು ಉಳಿದದ್ದೆಲ್ಲ ಡಬಲ್ ಆದರೂ ಎಸ್ ಒಂಟಿಯಾಗೇ ಇರಬೇಕು. ಇಸವಿಯ ಜೊತೆ ಎಸ್ ಕೂಡ ಅದೇ ದಿಕ್ಕಿಗೆ ಡಬಲ್ ಆಗಿದ್ದರೆ, ಅದು ಹೊಡೆಯುವಾಗ ಡೈ ಅಲುಗಿದ್ದು. ನನ್ನದು ಅದೇ. ಗಾಜು ಇಟ್ಟು ಮತ್ತೆ ನೋಡಿದರೆ ಮೆಟ್ಟಿಲುಗಳು ಸಾಲಾಗಿ ನಗುತ್ತಿದ್ದವು. ಚಹಾ ತಂದ ನಮ್ಮ ಮನೆಯವರು ಮುಖ ನೋಡಿ ವಿಷಯ ಕೇಳಿಕೊಂಡರು. "ಎರಡು ಕಾಣಸ್ತಂತ ಎರಡು ಪಟ್ಟು ಕೊಟ್ಟು ಬಂದ್ರೇನ್ರಿ?" ಅಂದರು. ಎರಡಲ್ಲ, ಎಷ್ಟು ಪಟ್ಟು ಅಂತ ನಾನು ಹೇಳಲಿಲ್ಲ.

ಅಂಗಡಿಯವ ಬೇಕಂತಲೇ ಮಾಡಿದನೋ, ಅವನಿಗೂ ಗೊತ್ತಿರಲಿಲ್ಲವೋ, ಇವತ್ತಿಗೂ ಹೇಳಲಾರೆ.

ಇನ್ನೊಂದು ಬಗೆಯ ಮೋಸಗಾರ ಹಳೇ ಡೈ. ಲಕ್ಷಗಟ್ಟಲೆ ಹೊಡೆದು ಸವೆದ ಡೈನಲ್ಲಿ ಅಕ್ಷರದ ಅಂಚು ಕರಗಿದ ಹಾಗೆ ಆಗುತ್ತದೆ. ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ ಅಕ್ಷರ ಊದಿಕೊಳ್ಳುತ್ತದೆ. ಇಲ್ಲಿ ಅಕ್ಷರ ದಪ್ಪಗಿರುವುದರಿಂದ ನನ್ನ ಸೂತ್ರ ಸ್ವಲ್ಪ ಕೈಕೊಡುತ್ತದೆ. ಆದರೆ ಕಚ್ಚು ಇರುವುದಿಲ್ಲ, ಎರಡನೇ ಅಕ್ಷರದ ಗೆರೆ ಸ್ಪಷ್ಟ ಇರುವುದಿಲ್ಲ, ಸುತ್ತಲಿನ ನೆಲ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ. ತಮಾಷೆ ಏನೆಂದರೆ, ಅದೇ 1955ರ ಸೆಂಟ್‌ಗಳಲ್ಲಿ ಇಂಥವೂ ಇವೆ. ಕೊನೆಯ 5 ಎರಡಿದ್ದ ಹಾಗೆ ಕಾಣುತ್ತದೆ. ಅಸಲಿ ಕೊಳ್ಳಲಾಗದವರು ಕೊಳ್ಳಲಿ ಅಂತ ಅದಕ್ಕೆ "ಬಡವರ ಡಬಲ್ ಡೈ" ಎಂದು ಹೆಸರಿಟ್ಟು ಮಾರಿದರು! ಚಿಲ್ಲರೆ ಬೆಲೆಯ ನಾಣ್ಯ. ಹೆಸರಿಟ್ಟವರ ಬುದ್ಧಿ ಮಾತ್ರ ದೊಡ್ಡದು.

ಈಗ ನಿಮ್ಮ 1995ರ ಸೆಂಟ್. ಇದು ನನಗೆ ಖುಷಿ ಕೊಟ್ಟಿತು. ಆ ವರ್ಷದ ಫಿಲಡೆಲ್ಫಿಯಾ ಸೆಂಟ್‌ನಲ್ಲಿ ಹೆಸರಾದ ಒಂದು ಡಬಲ್ ಡೈ ಇದೆ. ಫಿಲಡೆಲ್ಫಿಯಾದ್ದು ಅಂದರೆ ಇಸವಿಯ ಕೆಳಗೆ ಊರಿನ ಅಕ್ಷರ ಇರಬಾರದು. ನಿಮ್ಮದರಲ್ಲಿ ಇಲ್ಲ. ಡಬಲ್ ಜಾಸ್ತಿ ಇರಬೇಕಾದದ್ದು ಎರಡು ಕಡೆ: ಲಿಂಕನ್ ಬೆನ್ನ ಹಿಂದಿನ ಲಿಬರ್ಟಿ, ಮೇಲಿನ ಸಾಲಿನ ಮೊದಲ ಎರಡು ಪದ, ಅಂದರೆ ಇನ್ ಗಾಡ್. ಇಸವಿಯಲ್ಲಿ ಹೆಚ್ಚೇನೂ ಕಾಣಬಾರದು. ನಿಮ್ಮ ಫೋಟೊದಲ್ಲಿ ಲಿಬರ್ಟಿಯ ಅಕ್ಷರಗಳು ದಪ್ಪಗೆ, ಎರಡೆರಡಾಗಿ ಕಾಣುತ್ತಿವೆ. ಇಸವಿ ಸಾದಾ. ಹೊಂದುತ್ತದೆ. ಆದರೂ ಪೂರ್ತಿ ಹೂಂ ಅನ್ನಲು ಎರಡು ತಡೆ ಇವೆ.

ಒಂದು, 1982ರ ನಡುವಿನಿಂದ ಈ ಸೆಂಟ್‌ಗಳು ತಾಮ್ರದವಲ್ಲ. ಒಳಗೆ ಸತು, ಮೇಲೆ ತಾಮ್ರದ ತೆಳು ಲೇಪ. ಹೊಡೆತ ಬಿದ್ದಾಗ ಅಕ್ಷರದ ಬುಡದಲ್ಲಿ ಆ ಲೇಪ ಹರಿದು ಒಳಗಿನ ಸತು ಬೂದು ಬಣ್ಣದ ಗೆರೆಯಾಗಿ ಇಣುಕುತ್ತದೆ. ಫೋಟೊದಲ್ಲಿ ಅದು ಥೇಟ್ ಎರಡನೇ ಅಕ್ಷರದ ಹಾಗೇ ಕಾಣುತ್ತದೆ. ಗಾಜು ಹಿಡಿದು ನೋಡಿ. ಎರಡನೇ ಗೆರೆ ತಾಮ್ರದ ಬಣ್ಣದ್ದೇ, ಉಬ್ಬಿದೆ ಅಂದರೆ ಒಳ್ಳೆಯದು. ಬೂದು, ತಗ್ಗು ಅಂದರೆ ಲೇಪ ಹರಿದದ್ದು. ಎರಡು, ನಿಮ್ಮ ಊರಿನ ಸರಾಫರ ಕಾಟಾದಲ್ಲಿ ತೂಗಿಸಿ. 2.5 ಗ್ರಾಂ ಇರಬೇಕು. ಹಳೇ ತಾಮ್ರದ ಸೆಂಟ್ ಆದರೆ 3.11.

ಇವೆಲ್ಲ ಪಾಸಾದರೂ ಮನೆ ಕಟ್ಟುವ ಲೆಕ್ಕ ಹಾಕಬೇಡಿ. 1995ರದು ಹೆಸರು ಮಾಡಿದ್ದು ನಿಜ, ಆದರೆ ಬಹಳ ಸಿಕ್ಕಿದೆ. ಹೊಸದರ ಹಾಗೆ ಹೊಳೆಯುತ್ತಿದ್ದರೂ ಕೆಲವು ಹತ್ತು ಡಾಲರ್ ಅಷ್ಟೇ. ಅದನ್ನು ಅಮೆರಿಕಕ್ಕೆ ಕಳಿಸಿ ಪಿಸಿಜಿಎಸ್, ಎನ್‌ಜಿಸಿ ಅಂಥ ನಾಣ್ಯ ಪರೀಕ್ಷಿಸುವ ಸಂಸ್ಥೆಗಳಲ್ಲಿ ಪ್ರಮಾಣಪತ್ರ ಮಾಡಿಸುವ ಖರ್ಚೇ ನಾಣ್ಯದ ಬೆಲೆ ನುಂಗಿಬಿಡುತ್ತದೆ. ಇಟ್ಟುಕೊಳ್ಳಿ. ಮಕ್ಕಳಿಗೆ ತೋರಿಸಿ.

ಡಬ್ಬಿಯಲ್ಲಿ ಉಳಿದವನ್ನು ಮಾತ್ರ ಬಿಡಬೇಡಿ. 1972ರದು ಸಿಕ್ಕರೆ, ಊರಿನ ಅಕ್ಷರ ಇಲ್ಲದಿದ್ದರೆ, ಇಸವಿ ಮತ್ತು ಬರಹ ನೋಡಿ. ಆ ವರ್ಷದ ದೊಡ್ಡ ಡಬಲ್ ಡೈ ಗಾಜಿಲ್ಲದೆಯೂ ಕಾಣುತ್ತದೆ. 1983ರದು ಸಿಕ್ಕರೆ ಮುಖ ಬಿಟ್ಟು ಹಿಂಭಾಗ ತಿರುಗಿಸಿ, ಅಲ್ಲಿ ಬರಹವೆಲ್ಲ ಎರಡೆರಡು ಇರುವ ಡೈ ಇದೆ. 1984ರದಕ್ಕೆ ಅಕ್ಷರ ನೋಡುವುದೇ ಬೇಡ, ಲಿಂಕನ್ ಕಿವಿ ನೋಡಿ. ಕಿವಿಯ ಹಾಲೆಯ ಕೆಳಗೆ ಇನ್ನೊಂದು ಹಾಲೆ ಇದ್ದರೆ ನನಗೆ ಆ ದಿನವೇ ಬರೆಯಿರಿ. 1955ರದು ಸಿಕ್ಕಿತು ಅಂತಿಟ್ಟುಕೊಳ್ಳಿ, ಮೊದಲು ಸಂಶಯಪಡಿ, ಯಾಕೆಂದರೆ ಖೋಟಾ ಬಹಳ. ಹಿಂಭಾಗದ ಸೆಂಟ್ ಎಂಬ ಪದದ ಕೊನೆಯ ಟೀ ಅಕ್ಷರ ನೋಡಿ. ಅದರ ನಿಂತ ಗೆರೆಯ ಎಡಕ್ಕೆ, ಅಡ್ಡಗೆರೆಯ ಕೆಳಗೆ, ಕೂದಲಿನಂಥ ಲಂಬ ಗೀರುಗಳು ಇರಬೇಕು. ಆ ಡೈಗೆ ಪಾಲಿಶ್ ಮಾಡುವಾಗ ಬಿದ್ದ ಗೀರು. ಅಸಲಿ ನಾಣ್ಯ ಗುರುತಿಸಲು ಪರೀಕ್ಷಕರು ಇವತ್ತಿಗೂ ನೋಡುವುದು ಅದನ್ನೇ. ನಮ್ಮ ಟೂಲ್ ರೂಮಿನಲ್ಲಿ ಇಂಥ ಗೀರು ಉಳಿದರೆ ಬೈಸಿಕೊಳ್ಳುತ್ತಿದ್ದೆವು.

ತೀರಾ ಹೊಸ ಸೆಂಟ್‌ಗಳಲ್ಲಿ ಅಂಚಿನ ಬರಹ ನೋಡುತ್ತಾ ಕಣ್ಣು ಹಾಳು ಮಾಡಿಕೊಳ್ಳಬೇಡಿ. 1990ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಹಬ್ಬನ್ನು ಒಂದೇ ಸಲಕ್ಕೆ ಪೂರ್ತಿ ಒತ್ತುವ ಪ್ರೆಸ್ ಬಂತು. ಎರಡನೇ ಸಲ ಕೂರಿಸುವ ಕೆಲಸವೇ ಇಲ್ಲ ಅಂದ ಮೇಲೆ ಡಬಲ್ ಡೈ ನಿಂತುಹೋಯಿತು ಅಂದುಕೊಂಡರು. ಪೂರ್ತಿ ನಿಲ್ಲಲಿಲ್ಲ. ಒತ್ತುವ ಮೊದಲು ಡೈನ ತಲೆ ಗೋಪುರದ ಹಾಗೆ ನಡುವೆ ಚೂಪಾಗಿರುತ್ತದೆ. ಹಬ್ ಮೊದಲು ತಾಗುವುದು ಆ ತುದಿಗೆ. ಓರೆಯಾಗಿ ತಾಗಿದರೆ ಒಂದು ಗುರುತು ಬೀಳುತ್ತದೆ, ಒತ್ತಡ ಹೆಚ್ಚಿದಾಗ ಜಾರಿ ಸರಿಯಾಗಿ ಕೂತು ಇನ್ನೊಂದು ಬೀಳುತ್ತದೆ. ಹೀಗಾಗಿ ಈಗಿನ ಡಬಲ್ ಡೈ ಇರುವುದು ನಡುವಿನಲ್ಲಿ. 2009ರಲ್ಲಿ ಲಿಂಕನ್ ಹುಡುಗನಾಗಿ ಮರದ ದಿಮ್ಮಿಯ ಮೇಲೆ ಕೂತು ಓದುತ್ತಿರುವ ಚಿತ್ರದ ಸೆಂಟ್ ಬಂತು. ಅದರ ಕೆಲವು ಡೈಗಳಲ್ಲಿ ಪುಸ್ತಕ ಹಿಡಿದ ಕೈಗೆ ಒಂದು ಬೆರಳು ಜಾಸ್ತಿ!

ಉಳಿದದ್ದು ಅವ್ವನ ತವರಿನ ತಾಮ್ರದ ದುಡ್ಡು. ಗೋಳಗುಮ್ಮಟದ ಊರಿನದು, ಒಂದು ಎರಡಾಗಿ ಕಾಣುವುದು ಸಹಜವೇ! ಲಿಪಿ ನೋಡಿದರೆ ಆದಿಲಶಾಹಿಗಳದ್ದು ಇರಬೇಕು. ಯಾವ ಸುಲ್ತಾನನದು ಅಂತ ಓದುವಷ್ಟು ಅಕ್ಷರ ಫೋಟೊದಲ್ಲಿ ಉಳಿದಿಲ್ಲ. ಇಲ್ಲಿ ಡಬಲ್ ಡೈ ಪ್ರಶ್ನೆಯೇ ಏಳುವುದಿಲ್ಲ, ಯಾಕೆಂದರೆ ಆಗ ಹಬ್ ಅನ್ನುವುದೇ ಇರಲಿಲ್ಲ. ಪ್ರತಿ ಅಚ್ಚನ್ನೂ ಕೈಯಲ್ಲೇ ಕೊರೆಯುತ್ತಿದ್ದರು. ಕೆಳಗಿನ ಅಚ್ಚು ಗಟ್ಟಿಯಾಗಿ ನೆಟ್ಟಿರುತ್ತಿತ್ತು. ಅದರ ಮೇಲೆ ತಾಮ್ರದ ತುಂಡು, ಅದರ ಮೇಲೆ ಕೈಯಲ್ಲಿ ಹಿಡಿದ ಇನ್ನೊಂದು ಅಚ್ಚು, ಮೇಲಿಂದ ಸುತ್ತಿಗೆ. ಮೊದಲ ಏಟಿಗೆ ಸರಿಯಾಗಿ ಮೂಡಲಿಲ್ಲ ಅಂದರೆ ಇನ್ನೊಂದು ಏಟು. ಎರಡು ಏಟಿನ ನಡುವೆ ತುಂಡು ಜಿಗಿದು ಸರಿದರೆ ಬರಹ ಎರಡು. ಇದು ಎರಡು ಏಟಿನ ನಾಣ್ಯ. ಮೊದಲ ಏಟಿನ ಅಕ್ಷರ ಎರಡನೆಯದರ ಕೆಳಗೆ ಅಪ್ಪಚ್ಚಿಯಾಗಿರುವುದನ್ನು ನಿಮ್ಮ ಫೋಟೊದ ಬಲಗಡೆ ನೋಡಬಹುದು. ತುಂಡು ಅಚ್ಚಿಗಿಂತ ಸಣ್ಣದಿದ್ದದ್ದರಿಂದ ಬರಹ ಅರ್ಧಂಬರ್ಧ. ವಿಜಯಪುರದ ತಾಮ್ರದಲ್ಲಿ ಇದು ಮಾಮೂಲು, ಅದಕ್ಕಾಗಿ ಜಾಸ್ತಿ ಬೆಲೆ ಯಾರೂ ಕೊಡುವುದಿಲ್ಲ. ಅದೇ ಆದಿಲಶಾಹಿಗಳು ಬೆಳ್ಳಿ ತಂತಿಯನ್ನು ಮಡಚಿ ಮೇಲೆ ಅಕ್ಷರ ಒತ್ತಿದ ನಾಣ್ಯವನ್ನೂ ಹೊರಡಿಸಿದ್ದರು. ಎರಡನೇ ಅಲಿ ಆದಿಲಶಾಹನ ಕಾಲದ್ದು, ಹೆಸರು ಲಾರಿ. ಅಜ್ಜಿಯ ಗಂಟಿನಲ್ಲಿ ಹೇರ್‌ಪಿನ್ ಥರದ್ದು ಏನಾದರೂ ಇದ್ದರೆ ಎಸೆಯಬೇಡಿ.

ಈ ತಾಮ್ರದ ದುಡ್ಡನ್ನು ಕಾಕಾನ ಪರಿಚಯದವರ ಕೈಯಲ್ಲಿ ಅಮೆರಿಕಕ್ಕೆ ಕಳಿಸುವ ಯೋಚನೆಯೂ ಬೇಡ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಕೆಳಗೆ ಬರುತ್ತದೆ. ಹೊರದೇಶಕ್ಕೆ ಒಯ್ಯುವ ಹಾಗಿಲ್ಲ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಹುಣಸೆಹಣ್ಣು, ಬೂದಿ, ಪಾತ್ರೆ ಪುಡಿ ಹಾಕಿ ಯಾವುದನ್ನೂ ತಿಕ್ಕಬೇಡಿ. ತಾಮ್ರದ ಸೆಂಟ್ ಅಂತೂ ಒಂದು ಸಲ ತಿಕ್ಕಿದರೆ ಫಳಫಳ ಹೊಳೆಯುತ್ತದೆ, ಬೆಲೆ ಅಲ್ಲಿಗೇ ಅರ್ಧ. ತಿಕ್ಕಿದಾಗ ಸವೆಯುವುದು ಮೊದಲು ಅಕ್ಷರದ ಮೂಲೆ, ಅಂದರೆ ನಾವು ಹುಡುಕುತ್ತಿರುವ ಕಚ್ಚು. ಡಬ್ಬಿಯನ್ನು ಪೇಪರ್ ಮೇಲೆ ಸುರಿದು, ಇಸವಿ ಪ್ರಕಾರ ಗುಂಪು ಮಾಡಿ. 1955, 1972, 1983, 1984 ಬೇರೆ ಇಡಿ. 1969ರದು ಇದ್ದರೆ ಕೆಳಗಿನ ಎಸ್ ಮೊದಲು ನೋಡಿ, ಆಮೇಲೆ ಉಳಿದದ್ದು. 1995ರದನ್ನು ಒಂದೇ ದೀಪದ ಕೆಳಗೆ, ಲಿಬರ್ಟಿ ಮಾತ್ರ ಬರುವ ಹಾಗೆ, ನಾಣ್ಯ ಎರಡು ಬಗೆ ತಿರುಗಿಸಿ ಎರಡು ಫೋಟೊ ತೆಗೆದು ಕಳಿಸಿ. ಬೆಳಗಾವಿಗೆ ಬರುವ ಕೆಲಸ ಇದ್ದರೆ ನಾಣ್ಯವನ್ನೇ ತನ್ನಿ. ನನ್ನ ಬಿಲ್ಲೆಯನ್ನು ಅದರ ಪಕ್ಕದಲ್ಲಿಟ್ಟು ನೋಡೋಣ.